ಯಾರದೂ ಅಲ್ಲದ ಪಾತ್ರೆ

ಹೋದ ತಿಂಗಳು ಮಡಕಶಿರಕ್ಕೆ ಹೋಗಿದ್ದೆ, ತಮ್ಮನ ಮನೆಗೆ. ಬಸ್ಸಿಳಿದು ಆಟೋ ಹುಡುಕುತ್ತಾ ನಿಂತಿದ್ದೆ, ಮೂಗಿಗೆ ಬಂತು ನೋಡಿ ನವಸಾಗರದ ಹೊಗೆ. ಬೇವಿನ ಮರದ ಕೆಳಗೆ ಒಬ್ಬ ಕಲಾಯಿ ಹಾಕುವವನು ಕೂತಿದ್ದ. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದರೆ ಬಿಳೀ ಹೊಗೆ ಏಳುತ್ತದಲ್ಲ, ಅದು ಗಂಟಲಿಗೆ ಚುಚ್ಚುತ್ತದೆ, ಕಣ್ಣಲ್ಲಿ ನೀರು ತರಿಸುತ್ತದೆ. ಪಕ್ಕದಲ್ಲಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದು ಅವನಿಗೆ ಶಾಪ ಹಾಕಿದಳು. ನಾನು ಹತ್ತಿರ ಹೋಗಿ ಎದೆ ತುಂಬ ಎಳೆದುಕೊಂಡೆ.

"ಏನಮ್ಮಾ, ಹೊಗೆ ಕುಡಿಯಾಕೆ ಬಂದಿದ್ದೀಯಾ?" ಅಂದ.

"ಕುಡಿಯೋಣ ಅಂದ್ರೆ ನಿನ್ನ ಕೆಂಡನೇ ಸಾಲ್ದು. ಪಾತ್ರೆ ಇನ್ನೂ ಕಾದೇ ಇಲ್ಲ" ಅಂದೆ. ನನ್ನ ಬಾಯಿ ಸುಮ್ಮನಿರುವುದಲ್ಲ. ಅವನು ನಕ್ಕು ತಿದಿ ಒತ್ತಿದ. ನಾನು ಮಾತ್ರ ಆಟೋ ಮರೆತು ಅಲ್ಲೇ ನಿಂತುಬಿಟ್ಟೆ. ರಾಯದುರ್ಗದ ಆ ಒಂದು ಚಳಿಗಾಲ ಪೂರ್ತಿ ಆ ಹೊಗೆಯೊಳಗಿಂದ ಎದ್ದು ಬಂತು.

ನಮ್ಮದು ಕಂಚುಗಾರರ ಮನೆತನ. ನಾನು ಹುಟ್ಟಿದ್ದು ಮಡಕಶಿರದಲ್ಲಿ, ಸೇರಿದ್ದು ರಾಯದುರ್ಗಕ್ಕೆ. ಅಲ್ಲಿ "ಯಾಕೆ" ಅನ್ನುತ್ತಾರೆ, ಇಲ್ಲಿ "ಯಾಕ". ಮೂವತ್ತು ವರ್ಷದಲ್ಲಿ ನನ್ನ ಬಾಯಲ್ಲಿ ಎರಡೂ ಊರು ಕಲಸಿಹೋಗಿವೆ. ಅಪ್ಪ ಇಟ್ಟ ಹೆಸರು ಕಾಳಮ್ಮ. ನಮ್ಮವರಲ್ಲಿ ಮನೆಗೊಬ್ಬ ಕಾಳಮ್ಮ ಇದ್ದೇ ಇರುತ್ತಾಳೆ, ಕುಲದೇವತೆಯ ಹೆಸರಲ್ಲವೇ. ಫಜೀತಿ ಏನಾಯಿತೆಂದರೆ ನಮ್ಮತ್ತೆಯೂ ಕಾಳಮ್ಮನೇ. ಹೆಂಡತಿಯ ಹೆಸರು ಹಿಡಿದು ಸೊಸೆಯನ್ನು ಕೂಗುವುದು ಮಾವನಿಗೆ ಆಗದ ಮಾತು, ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕರೆಯುವುದು ಮಗನಿಗೆ ಆಗದ ಮಾತು. ಹೀಗಾಗಿ ನಾನು ಬಂದ ದಿನದಿಂದ "ಮಡಕಶಿರದಾಕಿ" ಆದೆ. ಅತ್ತೆ ತೀರಿಕೊಂಡ ಮೇಲಂತೂ ಆ ಹೆಸರು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ತವರಿನಿಂದ ತಂದ ಬಿಂದಿಗೆಯ ಮೇಲೆ ಅಪ್ಪ ಚುಕ್ಕಿ ಚುಕ್ಕಿಯಾಗಿ "ಕಾಳಮ್ಮ" ಅಂತ ಬರೆದಿದ್ದರು. ಅದನ್ನೂ ಬಂದವರು ಅತ್ತೆಯದೆಂದೇ ಓದುತ್ತಿದ್ದರು. ನಾನು ಯಾರಿಗೂ ತಿದ್ದಿ ಹೇಳಲಿಲ್ಲ, ಆದರೆ ಒಳಗೊಳಗೇ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಮಾವ ರಾಯದುರ್ಗದಲ್ಲೇ ಹೆಸರಾದ ಕೆಲಸಗಾರರು. ಬೆಸುಗೆ ಇಲ್ಲದೆ ಒಂದೇ ತಗಡನ್ನು ಬಡಿದು ಬಡಿದೇ ಬಿಂದಿಗೆ ಎಬ್ಬಿಸುವವರು ಸುತ್ತಮುತ್ತ ಅವರೊಬ್ಬರೇ ಉಳಿದಿದ್ದರು. ಮಗ, ಅಂದರೆ ನಮ್ಮ ಯಜಮಾನರು, ಸುತ್ತಿಗೆ ಬಿಟ್ಟು ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಕಟಿಂಗ್ ಮಾಸ್ಟರ್ ಆಗಿದ್ದರು. ಊರಿಗೆ ಊರೇ ಆ ಕೆಲಸಕ್ಕೆ ಹೋಗುವಾಗ ಅವರನ್ನೇನು ಅನ್ನುವುದು. ಆ ಚಳಿಗಾಲದ ಹೊತ್ತಿಗೆ ಮಾವನ ಬಲಗೈ ನಡುಗುವುದು ಶುರುವಾಗಿ ಒಂದು ವರ್ಷವಾಗಿತ್ತು. ಅವರು ಅದನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಡುತ್ತಿದ್ದರು. ಚಹಾದ ಲೋಟ ಎಡಗೈಲಿ ಹಿಡಿಯುತ್ತಿದ್ದರು. ಬಂದ ಗಿರಾಕಿಗೆ "ಈಗ ಕೆಲಸ ಭಾಳ ಐತ್ರಿ, ಮುಂದಿನ ತಿಂಗಳು ಬರ್ರಿ" ಅಂತ ಕಳಿಸುತ್ತಿದ್ದರು. ಅಂಗಡಿಯಲ್ಲಿ ಕೆಲಸ ಒಂದೂ ಇರಲಿಲ್ಲ.

ದೀಪಾವಳಿ ಮುಗಿಯುತ್ತಲೇ ಸ್ವೆಟರ್ ಮಾರುವ ಟಿಬೆಟಿನವರು ಬಂದರು. ಪ್ರತಿ ವರ್ಷ ಬರುತ್ತಾರೆ, ಮುಂಡಗೋಡದ ಕ್ಯಾಂಪಿನವರು. ಅವರಲ್ಲಿ ಡೋಲ್ಮಾ ಅನ್ನುವವಳು ನಮ್ಮಂಗಡಿಯ ಎದುರಿನ ಕೋಣೆ ಹಿಡಿಯುತ್ತಿದ್ದಳು. ನಲವತ್ತರ ಆಚೀಚೆ, ಗುಂಡು ಮುಖ, ಅಚ್ಚ ಹುಬ್ಬಳ್ಳಿ ಕಡೆಯ ಕನ್ನಡ. ಕನ್ನಡ ಶಾಲೆಯಲ್ಲಿ ಓದಿದವಳು, ಅಂಗಡಿ ಬೋರ್ಡು ನನಗಿಂತ ಬೇಗ ಓದುತ್ತಿದ್ದಳು. ಆ ಸಲ ಬಂದವಳೇ ಹಳದಿ ಬಟ್ಟೆಯ ಗಂಟೊಂದನ್ನು ಮಾವನ ಮುಂದೆ ಇಟ್ಟಳು. ಬಿಚ್ಚಿದರೆ ಒಂದು ತಾಮ್ರದ ಪಾತ್ರೆ. ಗುಂಡು ಹೊಟ್ಟೆ, ಉದ್ದ ಕೊರಳು, ಒಂದು ಪಕ್ಕಕ್ಕೆ ಹಕ್ಕಿ ಕೊಕ್ಕಿನಂಥ ಸೊಂಡಿಲು. ಹಿಡಿ ಇಲ್ಲ. ಹೊಟ್ಟೆಯ ಬೆಸುಗೆ ಬಿಟ್ಟು ಬಿರುಕಾಗಿತ್ತು.

"ಇದೇನವ್ವಾ, ಗಿಂಡಿ?" ಅಂದರು ಮಾವ.

"ಗಿಂಡಿ ಅಲ್ಲ ಅಜ್ಜಾ. ಬುಂಪಾ ಅಂತೀವಿ. ಪೂಜಾದಾಗ ಇದರಾಗಿನ ನೀರು ಕೈಗೆ ಹಾಕ್ತಾರ, ನಿಮ್ಮ ತೀರ್ಥ ಇದ್ದಂಗ."

ತೀರ್ಥ ಅಂದ ಕೂಡಲೇ ಮಾವ ಪಾತ್ರೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಬಲಗೈ ಹೊರಗೆ ಬಂತು, ಪಾತ್ರೆ ಗಡಗಡ ನಡುಗಿತು. ಡೋಲ್ಮಾ ನೋಡಿದಳು, ನೋಡಿಯೂ ತನ್ನ ಮಾತು ಮುಂದುವರಿಸಿದಳು. ಅವಳ ಅಣ್ಣ ಮುಂಡಗೋಡದ ಮಠದಲ್ಲಿ ಸನ್ಯಾಸಿ. ಅವರ ಹೊಸ ವರ್ಷಕ್ಕೆ ಮುಂಚೆ ಒಂದು ದೊಡ್ಡ ಪೂಜೆ, ಬಣ್ಣದ ಮರಳಿನಲ್ಲಿ ಒಂದು ಮಂಡಲ ಬರೆಯುತ್ತಾರೆ, ಅದರ ನಾಲ್ಕು ದಿಕ್ಕಿಗೆ ನಾಲ್ಕು, ನಡುವಿನ ದೇವರಿಗೆ ಒಂದು, ಹೀಗೆ ಐದು ಬುಂಪಾ ಬೇಕು. ಹೊಟ್ಟೆಗೆ, ಕೊರಳಿಗೆ ಬೆಸುಗೆ ಇರಬಾರದು. ಒಂದೇ ತಗಡಿನಿಂದ ಎಬ್ಬಿಸಬೇಕು.

"ಆಗ್ತೈತಿ. ನಿಮ್ಮ ಹಬ್ಬಕ್ಕ ಕೊಡ್ತೀನಿ" ಅಂದುಬಿಟ್ಟರು ಮಾವ.

ಅವಳು ಹೋದ ಮೇಲೆ ಸುತ್ತಿಗೆ ತೆಗೆದುಕೊಂಡು ಒಂದು ಹಳೇ ತಗಡಿನ ಮೇಲೆ ನಾಲ್ಕು ಏಟು ಹಾಕಿದರು. ನಾಲ್ಕೂ ನಾಲ್ಕು ಕಡೆ ಬಿದ್ದವು. ಸುತ್ತಿಗೆ ಕೆಳಗಿಟ್ಟು ಕೂತರು. ನಾನು ಒಳಬಾಗಿಲಲ್ಲಿ ಹುಣಸೆಹಣ್ಣು ಹಿಡಿದು ಪಾತ್ರೆ ತಿಕ್ಕುತ್ತಿದ್ದೆ. ನಮ್ಮಲ್ಲಿ ಹೆಂಗಸರ ಕೆಲಸ ಅಷ್ಟೇ, ತಿದಿ ಒತ್ತುವುದು, ತಿಕ್ಕಿ ಹೊಳಪು ಕೊಡುವುದು.

"ನಾನು ಮಾಡ್ತೀನಿ ಮಾವಾ" ಅಂದೆ.

"ಹೆಣ್ಮಕ್ಳು ಸುತ್ತಿಗಿ ಹಿಡದ್ರ ಕುಲುಮಿ ಮುನಿಸ್ಕೊಂತೈತಿ."

"ಇಪ್ಪತ್ತೈದು ವರ್ಷ ಅದಕ್ಕ ತಿದಿ ಒತ್ತಿದೋಳು ಯಾರ್ರೀ? ಮುನಿಸ್ಕೊಳ್ಳೋದಾದ್ರ ನಾನು ಮುನಿಸ್ಕೋಬೇಕು, ಕುಲುಮಿ ಅಲ್ಲ."

ಅವರಿಗೆ ಸಿಟ್ಟು ಬಂತು. ಎದ್ದು ಹೋದರು. ಮೂರನೇ ದಿನ ಬೆಳಿಗ್ಗೆ ಗುಜರಿಯವನು ಬಂದು ಅಡಿಗಲ್ಲು, ಇಕ್ಕಳ, ಗೂಟಗಳನ್ನೆಲ್ಲ ಕಣ್ಣಲ್ಲೇ ಅಳೆಯುತ್ತಾ ನಿಂತಿದ್ದ. ಮಾವನೇ ಬರಹೇಳಿದ್ದರು. ಆ ಸುತ್ತಿಗೆ ನನಗೆ ಬೇಕಿತ್ತು. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ನೋಡಿದ ದಿನದಿಂದ ಬೇಕಿತ್ತು, ಕೇಳಲು ಧೈರ್ಯ ಬಂದಿರಲಿಲ್ಲ ಅಷ್ಟೇ. ಸೀದಾ ಹೋಗಿ ಗುಜರಿಯವನ ಮುಂದೆ ನಿಂತು, "ಶಿವರಾತ್ರಿ ಆದ್ಮೇಲೆ ಬಾರಪ್ಪಾ, ಈಗ ಕೆಲಸ ಐತಿ" ಅಂದೆ. ಅವನು ಮಾವನ ಮುಖ ನೋಡಿದ. ಮಾವ ಸುತ್ತಿಗೆಯನ್ನು ತಮ್ಮ ಕಡೆ ಎಳೆದುಕೊಂಡು, "ಶಿವರಾತ್ರಿಗೆ ಬಾ" ಅಂದರು. ನನ್ನ ಕಡೆ ತಿರುಗದೆಯೇ, "ಐದೂ ಸರಿಯಾಗಿ ಆದ್ರ ಕುಲುಮಿ ನಿಂದು. ಒಂದು ಕೆಟ್ರೂ ಎಲ್ಲಾ ಗುಜರಿಗೆ" ಅಂದರು.

ಇನ್ನೊಂದು ತೊಡಕಿತ್ತು. ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾವನ ಮುಂದೆ ಕಾಲು ಚಾಚಿ ಕೂತು ಸುತ್ತಿಗೆ ಬೀಸುವುದುಂಟೇ? ಅವರು ಅದಕ್ಕೂ ಒಂದು ದಾರಿ ಕಂಡುಕೊಂಡರು. ಅಂಗಡಿಯ ಬಾಗಿಲಿಗೆ ಕುರ್ಚಿ ಹಾಕಿ, ನನಗೆ ಬೆನ್ನು ಮಾಡಿ, ರಸ್ತೆ ನೋಡುತ್ತಾ ಕೂತರು. ನಾನು ಒಳಗೆ ಬಡಿಯಬೇಕು, ಅವರು ಕಿವಿಯಲ್ಲಿ ಕೇಳಬೇಕು. ಅದೇ ಪಾಠ.

ತಾಮ್ರ ಕಾದಾಗ ಬೆಣ್ಣೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ತೆಗೆದರೆ ಹೇಳಿದ ಮಾತು ಕೇಳುತ್ತದೆ. ಬಡಿಯುತ್ತಾ ಬಡಿಯುತ್ತಾ ಗಟ್ಟಿಯಾಗುತ್ತದೆ, ಆಗ ಮತ್ತೆ ಕಾಸಬೇಕು. ಕಾಸದೆ ಇನ್ನೂ ಎರಡು ಏಟು ಹಾಕಿದಿರೋ, ಪಟ್ ಅಂತ ಸೀಳುತ್ತದೆ. ಯಾವ ಏಟಿಗೆ ನಿಲ್ಲಿಸಬೇಕು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ, ಸದ್ದಿನಲ್ಲಿ ಗೊತ್ತಾಗುತ್ತದೆ. ಮೆತ್ತಗಿದ್ದಾಗ ದಬ್ ದಬ್. ಗಟ್ಟಿಯಾಗುತ್ತಾ ಟಣ್ ಟಣ್. ಗಟ್ಟಿಯಾದ ತಗಡಿಗೆ ಮಾವ ತಣ್ಣಗಾತು ಅನ್ನುವುದು, ಬಾಗಿಲ ಕಡೆಯಿಂದ ದನಿ ಬರುತ್ತಿತ್ತು: "ತಣ್ಣಗಾತು. ಕಾಸು." ನನಗೆ ಇನ್ನೂ ದಬ್ ಅಂತಲೇ ಕೇಳಿಸುತ್ತಿರುತ್ತಿತ್ತು. ಒಂದು ದಿನ, ಇವರಿಗೆ ಕಿವಿಯೂ ಹೋಯಿತೇನೋ ಅಂದುಕೊಂಡು ಹಟಕ್ಕೆ ಇನ್ನೂ ಮೂರು ಏಟು ಹಾಕಿದೆ. ತಗಡು ಬಾಯಿ ಬಿಟ್ಟಿತು. ಮಾವ ರಸ್ತೆ ನೋಡುತ್ತಲೇ, "ಮಡಕಶಿರದಾಕಿಗೆ ಕಿವಿ ಇಲ್ಲ, ಬಾಯಿ ಮಾತ್ರ ಐತಿ" ಅಂದರು. ಎದುರಿನ ಕಟ್ಟೆಯ ಮೇಲೆ ಸ್ವೆಟರ್ ಜೋಡಿಸುತ್ತಿದ್ದ ಡೋಲ್ಮಾ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಸೀಳಿದ ತಗಡು ಒಂದು ಮೂಲೆಗೆ ಎಸೆದು ಇನ್ನೊಂದು ಕೈಗೆತ್ತಿಕೊಂಡೆ. ಆ ದಿನದಿಂದ ಕಣ್ಣು ಮುಚ್ಚಿಕೊಂಡು ಬಡಿಯುವುದು ರೂಢಿ ಮಾಡಿದೆ.

ಹದಿನೈದು ದಿನಕ್ಕೆ ಮೊದಲನೆಯದು ಎದ್ದಿತು. ಎಷ್ಟು ಚೆಂದ ಅಂತೀರಿ! ಗುಂಡಗೆ, ಕೊರಳು ಎತ್ತಿ ನಿಂತಿತ್ತು. ಸೊಂಡಿಲು ಆಮೇಲೆ ಸೇರಿಸುವುದು. ಡೋಲ್ಮಾಳನ್ನು ಕೂಗಿ ತೋರಿಸಿದೆ. ಅವಳು ತಿರುಗಿಸಿ ನೋಡಿದಳು, ಬಾಯಿಯೊಳಗೆ ಮುಷ್ಟಿ ಇಳಿಸಿ ನೋಡಿದಳು.

"ಅಕ್ಕಾ, ಇದರ ಬಾಯಿ ಯಾಕ ಇಷ್ಟು ಅಗಲ?"

"ಮತ್ತೆ ತೆಂಗಿನಕಾಯಿ ಹೆಂಗ ಕೂರ್ಬೇಕು?" ಅಂದೆ.

"ಯಾವ ತೆಂಗಿನಕಾಯಿ?"

ಅಯ್ಯೋ ನನ್ನ ಬುದ್ಧಿಗೆ! ಕಲಶ ಅಂದರೆ ಮೇಲೊಂದು ತೆಂಗಿನಕಾಯಿ ಇರಲೇಬೇಕು ಅಂತ ನನ್ನ ಕೈ ತಾನೇ ತೀರ್ಮಾನ ಮಾಡಿಬಿಟ್ಟಿತ್ತು. ಕಣ್ಣೆದುರು ಹಳೇ ಬುಂಪಾ ಇಟ್ಟುಕೊಂಡಿದ್ದೆ, ಅದರ ಬಾಯಿ ಸಣ್ಣಗಿತ್ತು, ಆದರೂ ಕೈ ಮನೆಯ ಕಲಶವನ್ನೇ ಮಾಡಿತ್ತು. ಅವರು ತೆಂಗಿನಕಾಯಿ ಇಡುವುದಿಲ್ಲವಂತೆ. ದರ್ಭೆ ಹುಲ್ಲು, ನವಿಲುಗರಿ ಸಿಕ್ಕಿಸುತ್ತಾರಂತೆ. ಡೋಲ್ಮಾ ನಗುತ್ತಾ ಕಟ್ಟೆಯ ಮೇಲೆ ಕೂತಳು. ಬಾಗಿಲ ಕುರ್ಚಿಯೂ ಅಲುಗಾಡುತ್ತಿತ್ತು. ಇಪ್ಪತ್ತೈದು ವರ್ಷದಲ್ಲಿ ಮಾವ ನಕ್ಕಿದ್ದು ನಾನು ಕಂಡಿರಲಿಲ್ಲ, ಅವತ್ತೂ ಬೆನ್ನಷ್ಟೇ ಕಂಡಿತು. "ಒಂದು ಕೆಟ್ಟಿತು" ಅಂದೆ. "ಕೆಟ್ಟಿಲ್ಲ" ಅಂದರು ಮಾವ. "ನಮ್ಮನಿ ಕಲಶ ಸೋರ್ತಿತ್ತು. ಅದಕ್ಕಿಡು. ಐದು ಇನ್ನೂ ಬಾಕಿ ಅದಾವು." ಆ ಕಲಶ ಇವತ್ತಿಗೂ ನಮ್ಮ ದೇವರ ಮುಂದಿದೆ.

ಅಷ್ಟರಲ್ಲಿ ಬೀದಿಯಲ್ಲಿ ಗುಸುಗುಸು ಶುರುವಾಯಿತು. ಪೂಜೆ ತಂತ್ರದ್ದು ಅಂತ ಯಾರೋ ಕೇಳಿಸಿಕೊಂಡಿದ್ದರು. ನಮ್ಮ ಕಡೆ ತಂತ್ರ ಅಂದರೆ ನಿಂಬೆಹಣ್ಣು, ಮೊಳೆ, ಮಾಟ. ಯಜಮಾನರು ಊಟಕ್ಕೆ ಕೂತಾಗ ಮೆಲ್ಲಗೆ ತೆಗೆದರು, "ಜನ ಏನೇನೋ ಅಂತಾರ. ಬ್ಯಾಡ ಬಿಡು."

ನಾನು ಬಾಯಿ ತೆಗೆಯುವ ಮೊದಲೇ ಮಾವ, "ಮಾಟ ಮಾಡೋರು ನೆಂಟಸ್ತನ ಮಾಡ್ಕೊಂಡು ನಾಕು ತಿಂಗಳು ಕಾಯ್ತಾರೇನಲೇ? ಮಾಟಕ್ಕ ಮಡಿಕಿ ಸಾಕು, ತಾಮ್ರ ಯಾಕ ಬೇಕು?" ಅಂದರು. ಅಷ್ಟಂದರೂ ಅವರಿಗೂ ಒಳಗೆ ಅನುಮಾನವಿತ್ತು. ಮರುದಿನ ಡೋಲ್ಮಾಳನ್ನೇ ಕರೆದು ಕೇಳಿದರು. ಅವಳು ಸೀಮೆಸುಣ್ಣ ತೆಗೆದು ಅಂಗಡಿಯ ನೆಲದ ಮೇಲೆ ಒಂದು ದೊಡ್ಡ ವೃತ್ತ ಎಳೆದಳು, ಒಳಗೆ ಚೌಕ, ಚೌಕಕ್ಕೆ ನಾಲ್ಕು ಬಾಗಿಲು.

"ಇದು ದೇವರ ಮನಿ ಅಜ್ಜಾ. ಮ್ಯಾಲಿಂದ ನೋಡಿದ್ರ ಹಿಂಗ ಕಾಣ್ತೈತಿ. ಗ್ವಾಡಿ, ಬಾಗಲಾ, ನಡುವ ದೇವ್ರು. ಸಣ್ಣ ಕೊಳವಿಯೊಳಗ ಬಣ್ಣದ ಮರಳು ತುಂಬಿ, ಅದನ್ನ ತಿಕ್ಕಿ ತಿಕ್ಕಿ ಒಂದೊಂದೇ ಕಾಳು ಬೀಳಿಸಿ ಬರಿತಾರ. ದಿನಗಟ್ಟಲೆ ಕುಂದರ್ತಾರ. ದೇವರನ್ನ ಮನಿಗೆ ಕರಿಯೋದು. ಸಿಟ್ಟು, ಆಸೆ ಇರೋ ನಮ್ಮಂಥೋರ ಮನಸ್ಸನ್ನ ಅದರೊಳಗ ಕರಕೊಂಡು ಹೋಗೋದು. ಅದೇ ತಂತ್ರ. ಯಾರಿಗೂ ಕೆಟ್ಟದ್ದಲ್ಲ."

"ಪೂಜಿ ಆದ್ಮ್ಯಾಲ?" ಅಂದೆ ನಾನು.

"ಅಳಿಸ್ತೀವಿ. ಮರಳು ಈ ಬುಂಪಾದಾಗ ತುಂಬಿ ನೀರಿಗೆ ಬಿಡ್ತೀವಿ."

"ದಿನಗಟ್ಟಲೆ ಬರದಿದ್ದನ್ನ?"

"ನೀ ದಿನಾ ಮುಂಜಾನೆ ರಂಗೋಲಿ ಹಾಕ್ತಿಯಲ್ಲ ಅಕ್ಕಾ, ಸಂಜಿ ಮಟ ಇರ್ತೈತೇನು?"

ನನ್ನನ್ನು ಸುಮ್ಮನಾಗಿಸಿದವರು ಕಮ್ಮಿ. ಮಾವ ಆ ವೃತ್ತದ ಮೇಲೆ ಕಾಲಿಡದೆ ಸುತ್ತಿ ಬಂದು ಕುರ್ಚಿಯಲ್ಲಿ ಕೂತರು. ಬೀದಿಯವರಿಗೆ ಅವರೇ ಏನು ಹೇಳಿದರೋ, ಗುಸುಗುಸು ನಿಂತಿತು.

ಆದರೆ ಮಾವನಿಗೆ ಬೇರೊಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಮ್ಮಂಗಡಿಯಿಂದ ಹೊರಗೆ ಹೋಗುವ ಪಾತ್ರೆಗೆ ಕೊಂಡವರ ಹೆಸರನ್ನು ಚುಕ್ಕಿಯಲ್ಲಿ ಹಾಕಿಯೇ ಕಳಿಸುವುದು ಅವರ ತಾತನ ಕಾಲದಿಂದ ಬಂದ ಪದ್ಧತಿ. ಮದುವೆಯಲ್ಲಿ ಹತ್ತು ಮನೆಯ ಪಾತ್ರೆ ಕಲೆತರೂ ಹೆಸರು ನೋಡಿ ತಂತಮ್ಮದು ಎತ್ತಿಕೊಳ್ಳುತ್ತಾರೆ. ಡೋಲ್ಮಾಳನ್ನು ಕೇಳಿದ್ದರು, "ಇವಕ್ಕ ಯಾರ ಹೆಸರು ಹಾಕ್ಲವ್ವಾ?"

"ಯಾರದೂ ಇಲ್ಲ ಅಜ್ಜಾ. ಹಂಗೇ ಕೊಡ್ರಿ."

"ಮಠದ್ದು?"

"ಬ್ಯಾಡ. ಯಾರದೂ ಅಲ್ಲ ಅದು."

ಎಷ್ಟೋ ದಿನ ಅವರು ಅದನ್ನೇ ಗೊಣಗುತ್ತಿದ್ದರು. "ಯಾರದೂ ಅಲ್ಲಂತ! ಯಾರದೂ ಅಲ್ಲದ ಪಾತ್ರಿ ಬೀದಿ ಪಾಲಾಗ್ತೈತಿ. ಹೆಸರಿಲ್ಲದ ಪಾತ್ರಿ ಈ ಅಂಗಡಿ ಹೊಸ್ತಿಲ ದಾಟಿಲ್ಲ." ನಾನು ಕಾಸುತ್ತಾ, ಬಡಿಯುತ್ತಾ, "ಹೆಸರಿಲ್ಲದ ಸೊಸಿ ಹೊಸ್ತಿಲ ದಾಟಿ ಒಳಗ ಬಂದಾಳಲ್ಲ, ಅದಕ್ಕೇನು ಮಾಡಿದ್ರಿ?" ಅಂದುಬಿಟ್ಟೆ. ನಗೆಮಾತು ಅಂತ ಆಡಿದ್ದು. ಬಾಯಿಂದ ಹೊರಬಿದ್ದ ಮೇಲೆ ನಗೆಮಾತಾಗಿ ಉಳಿಯಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಐದು ಹೊಟ್ಟೆ, ಐದು ಕೊರಳು ಎದ್ದು ನಿಂತವು. ಉಳಿದದ್ದು ಸೊಂಡಿಲು. ಮಾವ ಜೀವನದಲ್ಲೇ ಸೊಂಡಿಲು ಮಾಡಿದವರಲ್ಲ, ಬಿಂದಿಗೆ, ಹಂಡೆ, ಕೊಳಗ ಅವರ ಕೆಲಸ. ನೇರ ಗೂಟದ ಮೇಲೆ ಬಡಿದು ನೋಡಿದೆ, ಸೊಂಡಿಲು ಸೌತೆಕಾಯಿ ಆಯಿತು. ಆಗ ನೆನಪಾಯಿತು, ನಮ್ಮಪ್ಪ ಗಿಂಡಿ ಮಾಡುತ್ತಿದ್ದರು. ಅದಕ್ಕೆ ಅವರ ಹತ್ತಿರ ಬಾಗಿದ ಒಂದು ಕಬ್ಬಿಣದ ಗೂಟವಿತ್ತು, ಕೊಕ್ಕು ಅನ್ನುತ್ತಿದ್ದರು. ಮರುದಿನವೇ ಬಸ್ಸು ಹತ್ತಿ ಪಾವಗಡದ ಮೇಲೆ ಮಡಕಶಿರ ಮುಟ್ಟಿದೆ. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ತಮ್ಮನೋ, ಕುಲುಮೆ ಕಿತ್ತು ಅಲ್ಲೇ ರೇಷ್ಮೆ ಹುಳ ಸಾಕುತ್ತಿದ್ದ.

"ಏನಕ್ಕಯ್ಯಾ, ಹಬ್ಬ ಮುಗಿದ ಮೇಲೆ ಬರ್ತಿದ್ದೀಯಾ?"

"ಹಬ್ಬಕ್ಕಲ್ಲ ಕಣೋ. ಅಪ್ಪನ ಕೊಕ್ಕು ಎಲ್ಲೈತೆ?"

ಅವನಿಗೆ ಮೊದಲು ಹೊಳೆಯಲೇ ಇಲ್ಲ. ಆಮೇಲೆ ತಲೆ ಕೆರೆಯುತ್ತಾ ಹಿತ್ತಲಿಗೆ ಕರೆದುಕೊಂಡು ಹೋದ. ಮೇಕೆ ಕಟ್ಟಿದ್ದ ಗೂಟ ತೋರಿಸಿದ. ಅರ್ಧ ನೆಲದಲ್ಲಿ ಹೂತು, ಮೇಲೆ ತುಕ್ಕು, ಕೊರಳಿಗೆ ಮೇಕೆಯ ಹಗ್ಗ. ನನಗೆ ಬಂದ ಸಿಟ್ಟು! "ಅಪ್ಪನ ಕೈಯನ್ನ ತಂದು ಮೇಕೆಗೆ ಕಟ್ಟಿದ್ದೀಯಲ್ಲೋ" ಅಂದು ಅಲ್ಲೇ ಕೂತು ಕೈಯಲ್ಲೇ ಮಣ್ಣು ಬಗೆದೆ. ಅವನು ಹಾರೆ ತಂದು ಪಕ್ಕದಲ್ಲಿ ಕೂತ. "ಬೈಬ್ಯಾಡ ಅಕ್ಕಯ್ಯಾ. ಹುಳ ಸಾಕೋನಿಗೆ ಇದ್ಯಾತಕ್ಕೆ ಅಂತ ಗೊತ್ತಾಗ್ಲಿಲ್ಲ. ಒಂದು ಗೂಟಕ್ಕೋಸ್ಕರ ಇಷ್ಟು ದೂರ ಬರ್ತೀಯಾ ಅಂತನೂ ಗೊತ್ತಿರ್ಲಿಲ್ಲ." ಇಬ್ಬರೂ ಸೇರಿ ಕಿತ್ತೆವು. ಮೇಕೆಯನ್ನು ಹಿಪ್ಪುನೇರಳೆ ಗಿಡಕ್ಕೆ ಕಟ್ಟಿ ಬಂದ. ಅದು ಸಂಜೆಯೊಳಗೆ ಗಿಡದ ಸೊಪ್ಪೆಲ್ಲ ತಿಂದು ಹಾಕಿತ್ತು, ತಮ್ಮನ ಹೆಂಡತಿಯ ಬೈಗುಳ ನನಗೇ ಬಿತ್ತು.

ತಿರುಗಿ ಬಂದು ಕೊಕ್ಕನ್ನು ಮಾವನ ತೊಡೆಯ ಮೇಲಿಟ್ಟೆ. ತುಕ್ಕು ತಿಕ್ಕಿ ತೆಗೆದಿದ್ದೆ. ಅವರು ಹೆಬ್ಬೆರಳಲ್ಲಿ ಅದರ ಬಾಗು ಸವರಿದರು, ಮತ್ತೆ ಸವರಿದರು. "ನಿಮ್ಮಪ್ಪ ದೊಡ್ಡ ಕೆಲಸಗಾರ" ಅಂದರು. ಆ ಮನೆಯಲ್ಲಿ ನನ್ನ ತವರಿಗೆ ಸಿಕ್ಕ ಮೊದಲ ಒಳ್ಳೇ ಮಾತು. ಸೊಂಡಿಲುಗಳು ಒಂದರ ಹಿಂದೆ ಒಂದು ಬಾಗಿದವು. ಕೊನೆಯದನ್ನು ಬಡಿಯುವಾಗ ದಬ್ ಟಣ್ ಆಗುವ ಆ ಒಂದು ಗಳಿಗೆ ನನಗೆ ಮಾವನಿಗಿಂತ ಮೊದಲೇ ಕೇಳಿಸಿತು. ಸುತ್ತಿಗೆ ನಿಲ್ಲಿಸಿ ಕೆಂಡಕ್ಕೆ ಇಟ್ಟೆ. ಬಾಗಿಲ ಕಡೆಯಿಂದ "ತಣ್ಣ..." ಅಂತ ಬಂದ ದನಿ ಅಲ್ಲಿಗೇ ನಿಂತಿತು. ನನಗೆ ಆ ಸಂತೋಷ ತಡೆಯಲಾಗದೆ ಒಬ್ಬಳೇ ನಕ್ಕೆ.

ಹೊರಡುವ ಹಿಂದಿನ ದಿನ ಮಾವ, "ಹುಣಸಿಹಣ್ಣು ಇಲ್ಲಿ ತಾ. ನಾ ತಿಕ್ತೀನಿ" ಅಂದರು.

"ಅದು ಹೆಂಗಸರ ಕೆಲಸ ಮಾವಾ, ಕುಲುಮಿ ಮುನಿಸ್ಕೊಂಡೀತು" ಅಂದೆ.

"ಬಾಯಿ ಮುಚ್ಚಿ ಒಳಗ ಹೋಗಿ ರೊಟ್ಟಿ ಮಾಡು. ದಾರಿಗೆ ಬೇಕು."

ಮಧ್ಯಾಹ್ನವೆಲ್ಲ ಅವರು ಅಂಗಡಿಯಲ್ಲಿ ಕೂತು ತಿಕ್ಕಿದರು. ನಾನು ಹೊರಗೆ ಬರುವಷ್ಟರಲ್ಲಿ ಐದನ್ನೂ ಬಟ್ಟೆ ಸುತ್ತಿ, ಗೋಣಿಯಲ್ಲಿಟ್ಟು, ಗೋಣಿಯ ಬಾಯಿ ಹೊಲಿದೇಬಿಟ್ಟಿದ್ದರು. ಹೊಲಿಗೆ ಹಾವು ಹರಿದ ಹಾಗಿತ್ತು.

ಡೋಲ್ಮಾಳ ಜೊತೆ ನಾನೊಬ್ಬಳೇ ಹೊರಟೆ. ಬಳ್ಳಾರಿಗೆ ಬಸ್ಸು, ಹುಬ್ಬಳ್ಳಿಗೆ ರೈಲು, ಮತ್ತೆ ಬಸ್ಸು. ಗೋಣಿಯನ್ನು ಎಲ್ಲೂ ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೊಂಡೆ. ಮಠದಲ್ಲಿ ಡೋಲ್ಮಾಳ ಅಣ್ಣನೇ ಬಂದು ಇಸಕೊಂಡರು, ಕೆಂಪು ಬಟ್ಟೆ, ಐವತ್ತರ ಮನುಷ್ಯ. ಒಂದನ್ನು ಹೊರತೆಗೆದು, ನೀರು ತುಂಬಿ, ಬಿಸಿಲಿಗೆ ಹಿಡಿದು ನೋಡಿದರು. ಸೊಂಡಿಲಿನಿಂದ ಸಣ್ಣ ಧಾರೆ ಮುರಿಯದೆ ಬಿತ್ತು. ತಲೆಯಾಡಿಸಿದರು.

ಪೂಜೆಯ ಕೊನೆಯ ದಿನ ನನ್ನನ್ನೂ ಒಳಗೆ ಬಿಟ್ಟರು. ದೊಡ್ಡ ಮಣೆಯ ಮೇಲೆ ಮಂಡಲ. ಡೋಲ್ಮಾ ಸೀಮೆಸುಣ್ಣದಲ್ಲಿ ಎಳೆದದ್ದು ಎಲ್ಲಿ, ಇದು ಎಲ್ಲಿ! ಗೋಡೆ, ಬಾಗಿಲು, ಬಾಗಿಲ ಮೇಲೆ ತೋರಣ, ತೋರಣದಲ್ಲಿ ಎಲೆ, ಎಲೆಯಲ್ಲಿ ನರ, ಎಲ್ಲ ಮರಳಿನಲ್ಲಿ. ಸುತ್ತ ನನ್ನ ಬುಂಪಾಗಳು. ಕೊರಳಿಗೆ ರೇಷ್ಮೆ ಬಟ್ಟೆ, ಒಳಗೆ ಕೇಸರಿ ನೀರು, ಬಾಯಲ್ಲಿ ದರ್ಭೆ, ನವಿಲುಗರಿ, ಒಂದರಿಂದ ಒಂದಕ್ಕೆ ಐದು ಬಣ್ಣದ ದಾರ. ನನ್ನ ಕೈಯಲ್ಲಿ ಒದೆ ತಿಂದ ತಗಡುಗಳೇ ಇವು ಅಂತ ನನಗೇ ನಂಬಿಕೆ ಬರಲಿಲ್ಲ. ಮಂತ್ರ ಮುಗಿಯಿತು. ಒಬ್ಬ ಹಿರಿಯರು ವಜ್ರ ಅನ್ನುವ ಹಿತ್ತಾಳೆಯ ಪೂಜಾಸಾಮಾನು ಹಿಡಿದು ಮಂಡಲದ ಮೇಲೆ ಅಂಚಿನಿಂದ ನಡುವಿಗೆ ಗೆರೆ ಎಳೆದರು. ಆಮೇಲೆ ಕುಂಚದಲ್ಲಿ ಗುಡಿಸಿದರು. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಆ ಮನೆ ಬೂದುಬಣ್ಣದ ಒಂದು ಗುಪ್ಪೆಯಾಯಿತು. ಬರೆದವರಲ್ಲಿ ಡೋಲ್ಮಾಳ ಅಣ್ಣನೂ ಒಬ್ಬರು. ಅವರ ಮುಖ ನೋಡಿದೆ. ಹೊಲ ಕೊಯ್ದು ಮುಗಿಸಿದವರ ಹಾಗೆ ಹಗುರಾಗಿ ನಿಂತಿದ್ದರು.

ನಡುವಿನ ಬುಂಪಾದ ನೀರು ತೆಗೆದು, ಒರೆಸಿ, ಅದನ್ನು ಮರಳು ಚೆಲ್ಲಿದ ಮಣೆಯ ಮೇಲೇ ಇಟ್ಟು, ಗುಪ್ಪೆಯನ್ನು ಅದರೊಳಗೆ ತುಂಬಿದರು. ಎಲ್ಲರೂ ಕೆರೆಗೆ ಹೊರಟೆವು. ದಂಡೆಯಲ್ಲಿ ಡೋಲ್ಮಾಳ ಅಣ್ಣ ಅದನ್ನು ಎರಡೂ ಕೈಯಲ್ಲಿ ಎತ್ತಿ ಬಗ್ಗಿಸಿದರು. ಮರಳು ಸುರಿಯಿತು. ತಳ ಮೇಲಾಯಿತು. ತಳದಲ್ಲಿ ಬಣ್ಣದ ಅಕ್ಷರಗಳು.

ಚುಕ್ಕಿ ಚುಕ್ಕಿ ಅಕ್ಷರ. ಮಣೆಯ ಮೇಲಿನ ಮರಳು ಚುಕ್ಕಿಗಳೊಳಗೆ ಕೂತು ಒಂದು ಕೆಂಪು, ಒಂದು ಹಸಿರು, ಒಂದು ಹಳದಿಯಾಗಿ ಎದ್ದು ಕಾಣುತ್ತಿತ್ತು. ಇರುವೆ ಸಾಲು ದಾರಿ ತಪ್ಪಿದ ಹಾಗೆ ಅತ್ತಿತ್ತ ಓಲಾಡುವ ಸಾಲು. ಆ ನಡುಕ ಯಾರ ಕೈಯದೆಂದು ನನಗೆ ಹೇಳಿಕೊಡಬೇಕಿರಲಿಲ್ಲ. ಅಣ್ಣ ತಿರುಗಿಸಿ ಹಿಡಿದು, "ಇದೇನು?" ಅಂದರು. ಡೋಲ್ಮಾ ಬಗ್ಗಿ ಗಟ್ಟಿಯಾಗಿ ಓದಿದಳು:

"ಮಡಕಶಿರದ ಕಾಳಮ್ಮ ಮಾಡಿದ್ದು."

ನಮ್ಮ ಅಂಗಡಿಯಲ್ಲಿ ಕೊಂಡವರ ಹೆಸರು ಹಾಕುತ್ತಾರೆ. ಮಾಡಿದವರ ಹೆಸರು ಯಾವತ್ತೂ ಹಾಕಿದ್ದಿಲ್ಲ. ಮಾವನ ಹೆಸರೇ ಒಂದು ತಂಬಿಗೆಯ ಮೇಲೂ ಇಲ್ಲ. ನನಗೆ ಭಯ ಹತ್ತಿತು. ಯಾರದೂ ಅಲ್ಲದ ಪಾತ್ರೆ ಇದು, ಬೇಡ ಅಂದಿದ್ದರು, ಈಗ ಬಿಸಾಡಿದರೆ? ಒಂದು ಕೆಟ್ಟರೂ ಎಲ್ಲ ಗುಜರಿಗೆ.

"ತಪ್ಪಾಗೈತ್ರೀ" ಅಂದೆ. "ನಮ್ಮ ಮಾವ ಹಿರಿ ಮನುಷ್ಯ, ಹೆಸರಿಲ್ಲದ ಪಾತ್ರಿ ಕಳಿಸಿದೋರಲ್ಲ. ಬೇಕಾದ್ರ ಇಲ್ಲೇ ಬಡದು ಅಳಿಸ್ತೀನಿ, ಸುತ್ತಿಗಿ ಚೀಲದಾಗ ಐತಿ. ಆದ್ರ ಒಂದು ಮಾತು ಕೇಳ್ರಿ. ಆ ಕೈ ಇನ್ನೊಂದ್ಸಲ ಬರಿಯೋ ಕೈ ಅಲ್ಲ."

ಅಣ್ಣ ತಳವನ್ನು ಕೆರೆಯ ನೀರಿಗೆ ಅದ್ದಿದರು. ಚುಕ್ಕಿಗಳಿಂದ ಬಣ್ಣ ಬಿಟ್ಟು ಹೋಯಿತು, ಅಕ್ಷರ ಉಳಿಯಿತು, ಬರೀ ತಾ​ಮ್ರದ ಅಕ್ಷರ. ಅದನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿ, "ತಳದಾಗ ಐತಿ. ನೆಲಕ್ಕಷ್ಟ ಕಾಣ್ತೈತಿ" ಅಂದರು. ಆಮೇಲೆ ನಕ್ಕು, "ನೆಲ ಓದಿದ್ರ ಓದ್ಲಿ ಬಿಡವ್ವಾ" ಅಂದರು. ನಾನು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದೆ. ಡೋಲ್ಮಾ ನನ್ನ ಬೆನ್ನಿಗೆ ಎರಡು ಗುದ್ದಿದಳು, ಸಮಾಧಾನಕ್ಕೋ, ಕುಚೇಷ್ಟೆಗೋ.

ರಾಯದುರ್ಗಕ್ಕೆ ಬಂದಾಗ ಮಾವ ಬಾಗಿಲ ಕುರ್ಚಿಯಲ್ಲೇ ಇದ್ದರು. "ಐದೂ ಆದವು" ಅಂದೆ. "ಹ್ಞೂಂ" ಅಂದರು. ತಳದ ವಿಷಯ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಶಿವರಾತ್ರಿ ಕಳೆದು ಗುಜರಿಯವನು ಬಂದ. ಮಾವ ಅವನಿಗೆ ನೀರು ಕೊಡಿಸಿ, "ಇಲ್ಲಿ ಹಳೇದೇನೂ ಇಲ್ಲಪ್ಪಾ, ಎಲ್ಲಾ ನಡಿಯೋ ಸಾಮಾನು" ಅಂತ ಕಳಿಸಿದರು.

ಅವತ್ತು ನಾನು ಗುಮ್ಮಘಟ್ಟದ ಕುರಿಯವರೊಬ್ಬರಿಗೆ ಬಿಂದಿಗೆ ಎಬ್ಬಿಸುತ್ತಿದ್ದೆ. ನೇಮಕಲ್ಲು ಆಂಜನೇಯನಿಗೆ ಹರಕೆಯದು. ಮನಸ್ಸು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ಬಡಿಯುತ್ತಿತ್ತು. ಸದ್ದು ತಿರುಗಿದ್ದು ಕೇಳಿಸಲಿಲ್ಲ. ಕುರ್ಚಿ ಎಳೆದ ಸಪ್ಪಳವಾಯಿತು. ತಲೆಯೆತ್ತಿದರೆ ಮಾವ ಕುರ್ಚಿಯನ್ನು ಒಳಮುಖ ತಿರುಗಿಸಿ ನನ್ನನ್ನೇ ನೋಡುತ್ತಾ ಕೂತಿದ್ದರು, ನಡುಗುವ ಕೈಯನ್ನು ಮುಚ್ಚಿಡದೆ ತೊಡೆಯ ಮೇಲಿಟ್ಟುಕೊಂಡು.

"ಕಾಳಮ್ಮಾ," ಅಂದರು, "ತಣ್ಣಗಾತು. ಕಾಸು."